ವಿಜ್ಞಾನಕಥಾಚಿತ್ರಗಳಲ್ಲಿ ಮನುಷ್ಯಲಕ್ಷಣ

ಆಗಿಹೋದ ಸಂಗತಿಗಳನ್ನೂ ಮುಂದೆ ಆಗತಕ್ಕ ಸಂಗತಿಗಳನ್ನೂ ಕಣ್ಣೆದುರಿನಲ್ಲಿಯೇ ನಡೆಯುತ್ತಿರುವಂತೆ ತೋರಿಸುವ ಶಕ್ತಿಗೆ ಆಲಂಕಾರಿಕರು ಭಾವಿಕವೆಂದು ಹೆಸರಿಟ್ಟಿದ್ದಾರೆ. ಭಾಮಹನು ಇದನ್ನು ಬಿಡಿಪದ್ಯಕ್ಕೆ ಸೇರಿದ ಅಲಂಕಾರವೆಂದೆಣಿಸದೆ ಇಡಿಯ ಪ್ರಬಂಧಕ್ಕೆ ಸೇರಿದ ಗುಣವೆಂದನು; ಮಮ್ಮಟನೇ ಮೊದಲಾದ ಈಚಿನವರು ಅಲಂಕಾರಗಳ ಸಾಲಿನಲ್ಲಿಯೇ ಅದನ್ನು ಕೂರಿಸಿದರು. ಈ ಎರಡು ಮತಗಳಲ್ಲಿ ಭಾಮಹನದೇ ವಿಶಾಲವಾದುದು. ಆದರೆ ಭೂತ, ಭಾವಿ ಎಂಬೆರಡರಲ್ಲಿ ಕವಿಗಳು ಕೈಯಿಟ್ಟುದು ಬಹುಮಟ್ಟಿಗೆ ಮೊದಲನೆಯದರಲ್ಲಿ. ಹಳೆಯ ಕಥೆಯನ್ನು ಪ್ರತ್ಯಕ್ಷವಾಗಿಸಿದ ಕಾವ್ಯಗಳು ಎಣಿಕೆಗೆ ಸಿಕ್ಕವು. ಭಾವಿಯನ್ನು ವರ್ಣಿಸಿದುವಾದರೋ ಪುರಾಣಗಳ ಕಲಿಯುಗವರ್ಣನೆ, ಕಲ್ಕ್ಯವತಾರಪ್ರಸಂಗ ಮುಂತಾದ ಕೆಲವೇ ಭಾಗಗಳು. ಹೀಗೆ ಬರಿದಾಗಿ ಉಳಿದಿದ್ದ ಭಾವಿಕದ ಉತ್ತರಾರ್ಧವನ್ನು ಇಪ್ಪತ್ತನೆಯ ಶತಮಾನದಲ್ಲಿ ಪಶ್ಚಿಮದೇಶಗಳ ವಿಜ್ಞಾನಕಥೆಯೂ ಅದರ ಬೆನ್ನುಹಿಡಿದು ಬಂದ ಚಲಚ್ಚಿತ್ರವೂ ತುಂಬಿದುವು.

ಈ ಚಿತ್ರಗಳನ್ನು ಕುರಿತು ಎರಡು ಬಗೆಯ ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ. ಇವು ಬರಿಯ ಅದ್ಭುತದರ್ಶನಗಳು, ಬಾಲರಂಜನೆಗೆ ತಕ್ಕವು ಎಂಬುದು ಒಂದು; ಇವು ಮುಂಬರುವ ಯುಗದ ಭವಿಷ್ಯವಾಣಿಗಳು ಎಂಬುದು ಇನ್ನೊಂದು. ಎರಡೂ ಪರೀಕ್ಷೆಗೆ ನಿಲ್ಲುವುದಿಲ್ಲ. ರಿಡ್ಲಿ ಸ್ಕಾಟನು ೧೯೮೨ರಲ್ಲಿ ನಿರ್ದೇಶಿಸಿದ ‘ಬ್ಲೇಡ್ ರನ್ನರ್’ ಚಿತ್ರದ ಕಥೆ ನಡೆಯುವುದು ೨೦೧೯ನೆಯ ನವೆಂಬರ್ ತಿಂಗಳಿನ ಲಾಸ್ ಏಂಜಲೀಸ್ ನಗರದಲ್ಲಿ. ಆ ತಿಂಗಳು ಬಂದು ಹೋಯಿತು. ಆ ನಗರದ ಆಕಾಶದಲ್ಲಿ ಹಾರುವ ಮೋಟಾರುಗಳು ಕಾಣಲಿಲ್ಲ. ಮನುಷ್ಯರಿಂದ ಬೇರ್ಪಡಿಸಲಾಗದ ಕೃತಕಮನುಷ್ಯರು ಬೀದಿಗಳಲ್ಲಿ ಅಡಗಿರಲೂ ಇಲ್ಲ. ಪಂಚಾಂಗದ ಲೆಕ್ಕದಲ್ಲಿ ಚಿತ್ರವು ಸುಳ್ಳಾಯಿತು. ಆದರೂ ನೋಡುವವರಿಗೆ ಅದರ ಬೆಲೆ ಗುಲಗಂಜಿಯಷ್ಟೂ ಕಡಮೆಯಾದಂತೆ ತೋರುವುದಿಲ್ಲ. ಸುಳ್ಳಾದ ಭವಿಷ್ಯವಾಣಿಗೆ ಈ ಬಾಳಿಕೆ ಇರದು. ಆದಕಾರಣ ಭವಿಷ್ಯತ್ತು ಅದರ ವಸ್ತುವಲ್ಲ, ವಸ್ತುವನ್ನು ತೋರಿಸುವುದಕ್ಕೆ ಹಿಡಿದ ದೀಪಮಾತ್ರ. ವಸ್ತು ಯಾವುದೆಂದರೆ ಮನುಷ್ಯನ ಲಕ್ಷಣ. ಮನುಷ್ಯನ ಮಗ್ಗುಲಲ್ಲಿ ಅವನಂತೆಯೇ ನಡೆಯುವ, ನುಡಿಯುವ ಇನ್ನೊಂದನ್ನು ತಂದು ನಿಲ್ಲಿಸಿದರೆ, ಇವನು ಮನುಷ್ಯ, ಅದು ಅಲ್ಲ ಎಂದು ಯಾವುದರಿಂದ ತಿಳಿಯತಕ್ಕುದು ಎಂಬುದೇ ಇಂಥ ಚಿತ್ರಗಳ ಮುಖ್ಯಪ್ರಶ್ನೆ.

ಚಲಚ್ಚಿತ್ರಕ್ಕೆ ಈ ಪ್ರಶ್ನೆ ಬಹು ಹಿಂದೆಯೇ ಹೊಳೆದಿತ್ತು. ೧೯೨೭ರಲ್ಲಿ ಜರ್ಮನಿಯ ಫ್ರಿಟ್ಸ್ ಲಾಂಗನು ತೆಗೆದ ‘ಮೆಟ್ರೊಪೊಲಿಸ್’ ಎಂಬ ಮೂಕಚಿತ್ರದಲ್ಲಿ ಮರಿಯಾ ಎಂಬ ಕನ್ಯೆಯ ರೂಪವನ್ನು ತಳೆದ ಯಂತ್ರಸ್ತ್ರೀಯೊಬ್ಬಳಿದ್ದಾಳೆ. ಆದರೆ ಅಲ್ಲಿ ಯಂತ್ರವು ಕೆಟ್ಟದ್ದು, ಕನ್ಯೆ ಒಳ್ಳೆಯವಳು. ಪ್ರೇಕ್ಷಕನಿಗೆ ಸಂಶಯವೇ ಹುಟ್ಟದು. ಸಂಶಯವಿಲ್ಲದೆಡೆಯಲ್ಲಿ ವಿಚಾರಕ್ಕೆ ಆಸ್ಪದವಿಲ್ಲ. ೧೯೬೮ರ ‘೨೦೦೧: ಎ ಸ್ಪೇಸ್ ಒಡಿಸ್ಸಿ’ಯಲ್ಲಿ ಸ್ಟ್ಯಾನ್ಲಿ ಕೂಬ್ರಿಕನು ಒಂದು ಹೆಜ್ಜೆ ಮುಂದಿಟ್ಟನು. ಹಾಲ್ ಎಂಬ ಗಣಕಯಂತ್ರಕ್ಕೆ ಅಲ್ಲಿ ಮುಖವಿಲ್ಲ. ಒಂದು ಕೆಂಪು ಕಣ್ಣೂ ಮೃದುವಾದ ಧ್ವನಿಯೂ ಮಾತ್ರ ಉಂಟು. ಅದರ ಸ್ಮೃತಿಖಂಡಗಳನ್ನು ಒಂದೊಂದಾಗಿ ಕಳಚುವಾಗ ತನಗೆ ಭಯವಾಗುತ್ತಿದೆಯೆಂದು ಅದು ಹೇಳಿಕೊಳ್ಳುತ್ತದೆ. ತನ್ನ ನೌಕೆಯ ನಾಲ್ವರನ್ನು ಅದೇ ಕೊಂದಿತೆಂಬುದನ್ನು ಮರೆತು ಪ್ರೇಕ್ಷಕನು ಮರುಗುತ್ತಾನೆ. ಆದರೂ ಆ ಚಿತ್ರಕ್ಕೆ ಹಾಲ್ ಒಂದು ಪ್ರಕರಣವೇ ಹೊರತು ಪ್ರಧಾನವಸ್ತುವಲ್ಲ. ಪ್ರಶ್ನೆಯನ್ನು ನಟ್ಟನಡುವೆ ಇಟ್ಟುಕೊಂಡವು ಮೂರು: ರಷ್ಯದ ಆಂದ್ರೇಯ್ ತಾರ್ಕೋವ್ಸ್ಕಿಯ ‘ಸೊಲಾರಿಸ್’ (೧೯೭೨), ಮೇಲೆ ಹೇಳಿದ ‘ಬ್ಲೇಡ್ ರನ್ನರ್’, ಅದರ ಉತ್ತರಕಥೆಯಾಗಿ ಡೆನಿ ವಿಲ್ನವನು ೨೦೧೭ರಲ್ಲಿ ತೆಗೆದ ‘ಬ್ಲೇಡ್ ರನ್ನರ್ ೨೦೪೯’.

ಲಕ್ಷಣಕ್ಕೆ ಬರುವ ಮೂರು ದೋಷಗಳನ್ನು ತರ್ಕಸಂಗ್ರಹ ಓದಿದ ಬಾಲಕನೂ ಬಲ್ಲ. ಗೋವೆಂದರೆ ಕಪಿಲವರ್ಣದ್ದು ಎಂದರೆ ಬಿಳಿಯ ಗೋವು ಬಿಟ್ಟುಹೋಗುವುದು, ಅದು ಅವ್ಯಾಪ್ತಿ. ಕೊಂಬುಳ್ಳದ್ದು ಎಂದರೆ ಎಮ್ಮೆಯೂ ಒಳಗೆ ಬರುವುದು, ಅದು ಅತಿವ್ಯಾಪ್ತಿ. ಒಂಟಿಗೊರಸಿನದು ಎಂದರೆ ಯಾವ ಗೋವಿಗೂ ಹೊಂದದು, ಅದು ಅಸಂಭವ. ಮನುಷ್ಯನಿಗೆ ಲಕ್ಷಣವನ್ನು ಹೇಳಹೊರಟವರೆಲ್ಲರೂ ಈ ಮೂರರಲ್ಲೊಂದಕ್ಕೆ ಸಿಕ್ಕಿಬಿದ್ದಿದ್ದಾರೆ. ಬುದ್ಧಿಯೇ ಲಕ್ಷಣವೆನ್ನೋಣವೆಂದರೆ ಚದುರಂಗದಲ್ಲಿ ಜಗಜ್ಜೇತನಾಗಿದ್ದ ಕಾಸ್ಪರೊವನನ್ನು ೧೯೯೭ರಲ್ಲಿ ಒಂದು ಯಂತ್ರವು ಸೋಲಿಸಿತು. ಮಾತೇ ಲಕ್ಷಣವೆನ್ನೋಣವೆಂದರೆ, ಕಾಣದಂತೆ ಕುಳಿತು ಬರೆದು ಕಳುಹಿಸುವ ಉತ್ತರಗಳಿಂದ ಯಂತ್ರ ಯಾವುದು ಮನುಷ್ಯ ಯಾರು ಎಂದು ಪ್ರಶ್ನಕನಿಗೆ ತಿಳಿಯದೆಹೋಗುವ ಕಾಲ ಬರುವುದೆಂದು ಆಂಗ್ಲ ಗಣಿತಜ್ಞ ಆಲನ್ ಟ್ಯೂರಿಂಗನು ೧೯೫೦ರಲ್ಲಿಯೇ ವಾದಿಸಿದ್ದನು. ಇಂದು ವಾಕ್ಯರಚನೆ ಮಾಡುವ ಯಂತ್ರಗಳು ಮನೆಮನೆಗೂ ಬಂದಿವೆ. ಬುದ್ಧಿ, ಮಾತು ಎಂಬೆರಡು ಲಕ್ಷಣಗಳೂ ಹೀಗೆ ಅತಿವ್ಯಾಪ್ತಿಗೆ ಗುರಿಯಾದುವು. ಉಳಿದುದು ಭಾವ. ‘ಬ್ಲೇಡ್ ರನ್ನರ್’ ಆರಂಭವಾಗುವುದು ಇಲ್ಲಿಂದ.

ಈ ಚಿತ್ರಕ್ಕೆ ಮೂಲ ಅಮೆರಿಕದ ಫಿಲಿಪ್ ಕೆ. ಡಿಕ್ಕನು ೧೯೬೮ರಲ್ಲಿ ಪ್ರಕಟಿಸಿದ ಕಾದಂಬರಿ. ಹ್ಯಾಂಪ್ಟನ್ ಫ್ಯಾಂಚರ್, ಡೇವಿಡ್ ಪೀಪಲ್ಸ್ ಎಂಬಿಬ್ಬರು ಅದನ್ನು ಚಿತ್ರಕಥೆಯಾಗಿ ಮಾರ್ಪಡಿಸಿದರು. ಚಿತ್ರವು ಬೆಳಕಿಗೆ ಬರುವ ಕೆಲವು ತಿಂಗಳ ಮುಂಚೆ ಡಿಕ್ಕನು ತೀರಿಕೊಂಡನು. ಟೈರೆಲ್ ಎಂಬವನ ಸಂಸ್ಥೆಯು ಭೂಮಿಯಾಚೆಯ ವಸಾಹತುಗಳಲ್ಲಿ ದಾಸ್ಯಕ್ಕಾಗಿ ಕೃತಕಮನುಷ್ಯರನ್ನು ನಿರ್ಮಿಸುತ್ತದೆ. ಚಿತ್ರದಲ್ಲಿ ಅವರಿಗೆ ರೆಪ್ಲಿಕಂಟ್ ಎಂದು ಹೆಸರು, ಕನ್ನಡದಲ್ಲಿ ಪ್ರತಿಮಾನವರೆನ್ನಬಹುದು. ಇವರು ಲೋಹದ ಗೊಂಬೆಗಳಲ್ಲ, ರಕ್ತಮಾಂಸಗಳಿಂದಾದವರು. ಬಲದಲ್ಲಿ ಮನುಷ್ಯರಿಗಿಂತ ಮಿಗಿಲು, ಬುದ್ಧಿಯಲ್ಲಿ ನಿರ್ಮಾಪಕರಿಗೆ ಸಮಾನ, ಆಯುಸ್ಸು ಮಾತ್ರ ನಾಲ್ಕೇ ವರ್ಷ. ಭೂಮಿಗೆ ಬಂದು ಸಿಕ್ಕಿಬಿದ್ದರೆ ಸಾವೇ ಗತಿ. ಹಾಗೆ ತಪ್ಪಿಸಿಕೊಂಡು ಬಂದವರನ್ನು ಹುಡುಕಿ ಕೊಲ್ಲುವುದು ಡೆಕರ್ಡ್ ಎಂಬ ಅಧಿಕಾರಿಯ ಕೆಲಸ. ಈ ಕೊಲೆಗೆ ಪೊಲೀಸಿನವರು ಇಟ್ಟುಕೊಂಡ ಶಬ್ದ ನಿವೃತ್ತಿಗೊಳಿಸುವುದು ಎಂದು. ವೇದಾಂತಿಗಳಿಗೂ ಪಿಂಚಣಿದಾರರಿಗೂ ಸಮಾನವಾಗಿ ಪ್ರಿಯವಾದ ಶಬ್ದವನ್ನು ಕೊಲೆಗೆ ಪರ್ಯಾಯವಾಗಿ ನಿಲ್ಲಿಸಿದ ಚಾತುರ್ಯವನ್ನು ಮೆಚ್ಚಬೇಕು. ಹೆಸರು ಬದಲಾದೊಡನೆ ಪಾಪವೂ ಬದಲಾಯಿತೆಂದು ಆ ಅಧಿಕಾರಿಗಳು ನಂಬಿರುವಂತಿದೆ.

ಪ್ರತಿಮಾನವನನ್ನು ಗುರುತಿಸುವುದಕ್ಕೆ ವೊಯ್ಟ್-ಕಾಂಪ್ಫ್ ಎಂಬ ಪರೀಕ್ಷೆಯುಂಟು. ಒಂದು ಯಂತ್ರವನ್ನು ಕಣ್ಣಿಗೆ ನೇರವಾಗಿ ಹಿಡಿದು ಪ್ರಶ್ನೆಗಳನ್ನು ಕೇಳುತ್ತಾರೆ: ಮರುಭೂಮಿಯಲ್ಲಿ ಬೆನ್ನಡಿಯಾಗಿ ಬಿದ್ದು ಬಿಸಿಲಿನಲ್ಲಿ ಬೇಯುತ್ತಿರುವ ಆಮೆಗೆ ನೀನೇಕೆ ನೆರವಾಗುತ್ತಿಲ್ಲ, ಕರುವಿನ ಚರ್ಮದ ಹಣದ ಚೀಲವನ್ನು ಯಾರಾದರೂ ಕೊಟ್ಟರೆ ಏನು ಮಾಡುವೆ, ಎಂದು ಮುಂತಾಗಿ. ಉತ್ತರವು ಮುಖ್ಯವಲ್ಲ. ಪ್ರಶ್ನೆ ಕಿವಿಗೆ ಬಿದ್ದ ಕ್ಷಣದಲ್ಲಿ ಪಾಪೆ ಹಿಗ್ಗುವುದೋ, ಕೆನ್ನೆಗೆ ರಕ್ತವೇರುವುದೋ ಎಂಬುದನ್ನೇ ನೋಡುವರು. ದಯೆ ಒಳಗಿದ್ದರೆ ಅದು ತನಗರಿಯದೆಯೇ ಶರೀರದಲ್ಲಿ ತೋರಿಕೊಳ್ಳುವುದೆಂಬುದು ಇದರ ಹಿಂದಿರುವ ವ್ಯಾಪ್ತಿ. ನಾಟ್ಯಶಾಸ್ತ್ರವನ್ನು ಬಲ್ಲವರಿಗೆ ಇದು ಹೊಸದಲ್ಲ. ಸ್ತಂಭ, ಸ್ವೇದ, ರೋಮಾಂಚ, ಸ್ವರಭೇದ, ವೇಪಥು, ವೈವರ್ಣ್ಯ, ಅಶ್ರು, ಪ್ರಲಯ ಎಂಬ ಎಂಟು ಸಾತ್ತ್ವಿಕಭಾವಗಳನ್ನು ಭರತನು ಇತರ ಭಾವಗಳಿಂದ ಬೇರ್ಪಡಿಸಿದುದು ಇವು ಮನಸ್ಸಿನ ಏಕಾಗ್ರತೆಯಿಂದಲೇ ಹುಟ್ಟತಕ್ಕವು, ಅನ್ಯಮನಸ್ಕನಿಂದ ಅನುಕರಿಸಲಾಗದವು ಎಂಬ ಕಾರಣದಿಂದ. ಲಾಸ್ ಏಂಜಲೀಸಿನ ಪೊಲೀಸಿನವರು ಹುಡುಕುತ್ತಿರುವುದು ವೈವರ್ಣ್ಯವನ್ನೂ ಅದಕ್ಕೆ ಹತ್ತಿರದ ವಿಕಾರಗಳನ್ನೂ. ಆದರೆ ಭರತನ ಮಾತಿಗೆ ಇನ್ನೊಂದು ಮುಖವೂ ಉಂಟು. ಪೊಲೀಸಿನವರಿಗೆ ಅದು ತಿಳಿಯದು. ಇದೇ ಸಾತ್ತ್ವಿಕಗಳನ್ನು ಅವನು ಅಭಿನಯಗಳಲ್ಲಿಯೂ ಸೇರಿಸಿದ್ದಾನೆ. ತನ್ನದಲ್ಲದ ಶೋಕದಿಂದ ನಟನು ನಿಜವಾದ ಕಣ್ಣೀರನ್ನು ಸುರಿಸಬಲ್ಲನು, ಸುರಿಸತಕ್ಕುದೂ ಹೌದು. ಎಂದಮೇಲೆ ಅಶ್ರುವನ್ನೋ ವೈವರ್ಣ್ಯವನ್ನೋ ಹೇತುವಾಗಿಟ್ಟುಕೊಂಡು ಭಾವವು ಯಾರದೆಂದು ಅನುಮಾನಿಸುವುದು ನಾಟ್ಯಶಾಸ್ತ್ರದ ಮೊದಲ ಪಾಠಕ್ಕೇ ವಿರುದ್ಧ.

ಚಿತ್ರವು ಈ ಪರೀಕ್ಷೆಯ ದೋಷವನ್ನು ವಾದಮಾಡಿ ಹೇಳುವುದಿಲ್ಲ. ಪಾತ್ರಗಳ ನಡತೆಯಲ್ಲಿಯೇ ಇಟ್ಟಿದೆ. ಓಡುತ್ತಿರುವ ಜೋರಾ ಎಂಬ ಪ್ರತಿಮಾನವಸ್ತ್ರೀಯನ್ನು ಡೆಕರ್ಡನು ಬೆನ್ನಿಗೆ ಗುಂಡಿಕ್ಕಿ ಕೊಲ್ಲುವನು. ಅವಳು ಗಾಜಿನ ಗೋಡೆಗಳನ್ನು ಒಡೆದುಕೊಂಡು ಬೀಳುವುದನ್ನು ಕ್ಯಾಮೆರಾ ನಿಧಾನವಾಗಿ, ಬಿಡದೆ ತೋರಿಸುತ್ತದೆ. ಆಮೆಯನ್ನು ಕುರಿತು ಮರುಗಬೇಕೆಂದು ವಿಧಿಸುವವರೇ ಈ ಸಾವಿಗೆ ಮರುಗುವುದಿಲ್ಲ. ದಯೆಯೇ ಮನುಷ್ಯಲಕ್ಷಣವಾದರೆ ಪೊಲೀಸಿನವರಲ್ಲಿ ಅವ್ಯಾಪ್ತಿ, ತಮ್ಮವರು ಸತ್ತರೆಂದು ಅಳುವ ಪ್ರತಿಮಾನವರಲ್ಲಿ ಅತಿವ್ಯಾಪ್ತಿ.

ಭಾವವನ್ನು ಅಳೆಯುವ ಯಂತ್ರಕ್ಕಿಂತಲೂ ಗಹನವಾದುದು ಸ್ಮೃತಿಯ ವಿಷಯ. ಟೈರೆಲನು ರೇಚಲ್ ಎಂಬ ಯುವತಿಯನ್ನು ಪರೀಕ್ಷೆಗೆ ಕೂರಿಸುತ್ತಾನೆ. ಇಪ್ಪತ್ತು ಮೂವತ್ತು ಪ್ರಶ್ನೆಗಳಲ್ಲಿ ಮುಗಿಯಬೇಕಾದುದು ನೂರನ್ನು ಮೀರುತ್ತದೆ. ಅವಳು ಪ್ರತಿಮಾನವವರ್ಗದವಳೇ; ಆದರೆ ಅದು ಅವಳಿಗೇ ತಿಳಿಯದು. ಟೈರೆಲನ ಸೋದರಸಂಬಂಧದ ಹುಡುಗಿಯೊಬ್ಬಳ ಬಾಲ್ಯಸ್ಮರಣೆಗಳನ್ನು ಅವಳಲ್ಲಿ ನೆಟ್ಟಿದ್ದಾರೆ. ತಾನು ಮನುಷ್ಯಳೆಂದು ತೋರಿಸುವುದಕ್ಕೆ ತಾಯಿಯೊಡನೆ ಇರುವ ತನ್ನ ಛಾಯಾಚಿತ್ರವನ್ನು ಹಿಡಿದುಕೊಂಡು ಅವಳು ಡೆಕರ್ಡನ ಮನೆಗೆ ಬರುತ್ತಾಳೆ. ಅವನು, ಅವಳು ಯಾರಿಗೂ ಹೇಳಿರದ ನೆನಪೊಂದನ್ನು, ಕಿಟಕಿಯ ಹೊರಗೆ ಗೂಡುಕಟ್ಟಿದ್ದ ಜೇಡವನ್ನೂ ಅದರ ಮರಿಗಳು ಅದನ್ನೇ ತಿಂದುದನ್ನೂ ತಾನೇ ಹೇಳಿಬಿಡುತ್ತಾನೆ. ಅವಳ ಕಣ್ಣಲ್ಲಿ ನೀರು ತುಂಬುತ್ತದೆ.

ನ್ಯಾಯದರ್ಶನಕ್ಕೆ ಇದು ಸಣ್ಣ ಪೆಟ್ಟಲ್ಲ. ದೇಹೇಂದ್ರಿಯಗಳಿಗಿಂತ ಬೇರೆಯಾದ ಆತ್ಮವುಂಟೆಂಬುದಕ್ಕೆ ನೈಯಾಯಿಕರು ಕೊಡುವ ಬಲವಾದ ಯುಕ್ತಿಗಳಲ್ಲೊಂದು ಸ್ಮೃತಿ. ಅನುಭವಿಸಿದವನೊಬ್ಬ, ನೆನೆಯುವವನಿನ್ನೊಬ್ಬ ಎಂದು ಲೋಕದಲ್ಲಿ ಕಾಣದು. ಆದುದರಿಂದ ಎರಡಕ್ಕೂ ಆಶ್ರಯನಾದ ಒಬ್ಬನು ಇರಬೇಕು ಎಂಬುದು ಅದರ ಸಾರ. ಈ ಚಿತ್ರದಲ್ಲಿಯಾದರೋ ಒಬ್ಬಳು ಅನುಭವಿಸಿದುದನ್ನು ಇನ್ನೊಬ್ಬಳು ನೆನೆಯುತ್ತಾಳೆ. ಕಲ್ಪಿತಕಥೆಯಲ್ಲಿ ಬಂದುದು ಪ್ರಮಾಣಕ್ಕೆ ಬಾಧಕವೇ ಎಂದು ಕೇಳಬಹುದು. ಬಾಧಕವಲ್ಲವಾದರೂ ಯುಕ್ತಿಯು ಎಲ್ಲಿ ನಿಂತಿದೆಯೆಂಬುದನ್ನು ಅದು ತೋರಿಸಿಕೊಡುತ್ತದೆ. ಕನ್ನಡದ ಓದುಗರಿಗೆ ಇದೇ ಕಗ್ಗಂಟು ಗಿರೀಶ ಕಾರ್ನಾಡರ ‘ಹಯವದನ’ (೧೯೭೧) ನಾಟಕದಿಂದ ಪರಿಚಿತವಾಗಿದೆ. ತಲೆ ಅದಲುಬದಲಾದ ಇಬ್ಬರಲ್ಲಿ ಗಂಡನಾರೆಂದು ಬೇತಾಳನು ಕೇಳಿದಾಗ, ಅಂಗಗಳಲ್ಲಿ ತಲೆಯೇ ಪ್ರಧಾನವೆಂದು ವಿಕ್ರಮನು ಉತ್ತರ ಹೇಳಿ ಮುಗಿಸಿದನು. ನಾಟಕದಲ್ಲಿ ಆ ಉತ್ತರವು ಸಾಲದೆಹೋಗುತ್ತದೆ. ಕಪಿಲನ ತಲೆಯು ಅನುಭವಿಸದಿದ್ದ ಸ್ಪರ್ಶಗಳನ್ನು ಅದಕ್ಕೆ ಅಂಟಿದ ದೇವದತ್ತನ ದೇಹವು ನೆನೆಯುತ್ತದೆ. ನೆನಪು ತನ್ನಲ್ಲಿದ್ದೂ ತನ್ನದಲ್ಲವೆಂಬ ಸಂಕಟ ಕಪಿಲನಿಗೂ ರೇಚಲಳಿಗೂ ಒಂದೇ.

‘ಬ್ಲೇಡ್ ರನ್ನರ್ ೨೦೪೯’ ಈ ಎಳೆಯನ್ನೇ ಹಿಡಿದು ಇನ್ನೂ ಆಳಕ್ಕಿಳಿಯುತ್ತದೆ. ಅದರ ನಾಯಕ ‘ಕೆ’ ಸ್ವತಃ ಪ್ರತಿಮಾನವ. ತನ್ನ ನೆನಪುಗಳು ನೆಟ್ಟವೆಂದು ಬಲ್ಲವನು. ಅನಾಥಾಲಯದಲ್ಲಿ ಬೇರೆ ಹುಡುಗರಿಂದ ತಪ್ಪಿಸಿಕೊಂಡು ಮರದ ಕುದುರೆಯೊಂದನ್ನು ಕುಲುಮೆಯಲ್ಲಿ ಬಚ್ಚಿಟ್ಟುದು ಅವನ ಒಂದು ನೆನಪು. ತನಿಖೆಯ ದಾರಿಯಲ್ಲಿ ಅವನು ಆ ಅನಾಥಾಲಯಕ್ಕೇ ಹೋಗುತ್ತಾನೆ. ಕುದುರೆ ಅಲ್ಲಿಯೇ ಸಿಕ್ಕುತ್ತದೆ. ಹಾಗಾದರೆ ತಾನು ನಿರ್ಮಿತನಲ್ಲ, ತಾಯ ಹೊಟ್ಟೆಯಲ್ಲಿ ಹುಟ್ಟಿದವನು ಎಂಬ ಆಸೆ ಅವನಲ್ಲಿ ಮೊಳೆಯುತ್ತದೆ. ಸ್ಮೃತಿಗಳನ್ನು ರಚಿಸಿ ಮಾರುವ ಆನಾ ಸ್ಟೆಲೀನ್ ಎಂಬ ತರುಣಿಯೊಬ್ಬಳು ರೋಗದ ಕಾರಣದಿಂದ ಗಾಜಿನ ಕೋಣೆಯೊಳಗೆ ಒಬ್ಬಳೇ ಬದುಕುತ್ತಿದ್ದಾಳೆ. ಕೆ ತನ್ನ ನೆನಪನ್ನು ಅವಳೆದುರಿಗೆ ಇಡುತ್ತಾನೆ. ಅವಳು ಅದನ್ನು ನೋಡಿ ಕಣ್ಣೀರಿಡುತ್ತಾಳೆ. ಇದನ್ನು ಯಾರೋ ನಿಜವಾಗಿ ಬಾಳಿದ್ದಾರೆ ಎನ್ನುತ್ತಾಳೆ. ಆ ಕಣ್ಣೀರನ್ನು ಹೇತುವಾಗಿ ಹಿಡಿದು, ಬಾಳಿದವನು ತಾನೇ ಎಂದು ಕೆ ಅನುಮಾನಿಸುತ್ತಾನೆ. ಬಾಳಿದವಳು ಅವಳು. ಅವಳು ಅತ್ತುದು ತನ್ನ ಬಾಲ್ಯವನ್ನು ಇನ್ನೊಬ್ಬನಲ್ಲಿ ಕಂಡು. ಅಶ್ರು ನಿಜ, ಅವಳ ಮಾತು ನಿಜ, ಅನುಮಾನವೊಂದೇ ಸುಳ್ಳು. ಹೇತ್ವಾಭಾಸಕ್ಕೆ ಇಷ್ಟು ಮರುಕದ ಉದಾಹರಣೆ ಯಾವ ತರ್ಕಗ್ರಂಥದಲ್ಲಿಯೂ ಸಿಕ್ಕುವುದು ದುರ್ಲಭ.

ಇಲ್ಲಿ ನೈಯಾಯಿಕನಿಗೆ ಒಂದು ಪ್ರತ್ಯುತ್ತರವೂ ದೊರಕುತ್ತದೆ. ಕೆಯ ನೆನಪಿನಲ್ಲಿ ಕುದುರೆ, ಕುಲುಮೆ, ಹುಡುಗರು ಎಂಬ ಅಂಶವೆಲ್ಲ ಯಥಾರ್ಥ. ‘ನಾನು’ ಎಂಬ ಅಂಶದಲ್ಲಿ ಮಾತ್ರ ಭ್ರಮ. ಕೊನೆಗೆ, ಹುಟ್ಟಿದ ಮಗು ಹೆಣ್ಣೆಂದು ಕೇಳಿದಾಗ ಆ ಭ್ರಮಕ್ಕೆ ಬಾಧವಾಗುತ್ತದೆ. ಚಿಪ್ಪನ್ನು ಬೆಳ್ಳಿಯೆಂದು ಬಗೆದವನೇ ಇದು ಬೆಳ್ಳಿಯಲ್ಲವೆಂದು ತಿಳಿಯಬೇಕಷ್ಟೆ. 'ನಾನಲ್ಲ' ಎಂದು ಈಗ ಕುಸಿದವನೂ ‘ನಾನೇ’ ಎಂದು ಆಗ ಹಿಗ್ಗಿದವನೂ ಒಬ್ಬನಲ್ಲದಿದ್ದರೆ ಆ ನಿರಾಶೆಗೆ ಅರ್ಥವಿಲ್ಲ. ಸ್ಮೃತಿಯು ಪರರದಾಗಿರಬಹುದು, ಪರರದೆಂದು ತಿಳಿದ ದುಃಖವು ಅವನದೇ. ಪ್ರವಾಹದಂತೆ ಒಂದರ ಹಿಂದೊಂದು ಬರುವ ಕ್ಷಣಗಳಲ್ಲಿಯೂ ಇದು ಒದಗುವುದೆಂದು ಬೌದ್ಧನು ಹೇಳದಿರನು. ಆ ವಿವಾದವನ್ನು ತೀರಿಸುವುದು ಚಲಚ್ಚಿತ್ರದ ಹೊಣೆಯಲ್ಲ.

ದುಃಖಕ್ಕೆ ಆಶ್ರಯನಾಗುವುದೆಂಬ ಈ ಮಾತನ್ನು ‘ಸೊಲಾರಿಸ್’ ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುತ್ತದೆ. ಪೋಲೆಂಡಿನ ಸ್ತಾನಿಸ್ಲಾವ್ ಲೆಮ್ ೧೯೬೧ರಲ್ಲಿ ಬರೆದ ಕಾದಂಬರಿ ಇದಕ್ಕೆ ಮೂಲ. ಸಾಗರವೇ ಚೇತನವಾಗಿರುವ ಗ್ರಹವೊಂದರ ಮೇಲೆ ತೇಲುವ ನೌಕಾಸ್ಥಾನಕ್ಕೆ ಕ್ರಿಸ್ ಕೆಲ್ವಿನ್ ಎಂಬ ಮನಶ್ಶಾಸ್ತ್ರಜ್ಞನು ಹೋಗುತ್ತಾನೆ. ಹತ್ತು ವರ್ಷಗಳ ಹಿಂದೆ ಆತ್ಮಹತ್ಯೆ ಮಾಡಿಕೊಂಡ ಅವನ ಹೆಂಡತಿ ಹಾರಿಯು ನಿದ್ರೆಯಿಂದೆದ್ದ ಅವನ ಮುಂದೆ ಕುಳಿತಿರುತ್ತಾಳೆ. ಆ ಸಾಗರವು ಅವನ ಸ್ಮೃತಿಯಿಂದಲೇ ಅವಳನ್ನು ರಚಿಸಿ ಕಳುಹಿಸಿದೆ. ಅವಳ ಉಡುಪನ್ನು ಕಳಚಹೋದರೆ ಅದಕ್ಕೆ ಬಿಚ್ಚುವ ಎಡೆಯೇ ಇಲ್ಲ, ಕತ್ತರಿಯಿಂದ ಸೀಳಬೇಕಾಗುತ್ತದೆ. ಗಂಡನ ನೆನಪಿನಲ್ಲಿ ಉಡುಪಿನ ಚೆಲುವು ಉಳಿದಿತ್ತು, ಅದನ್ನು ಬಿಚ್ಚುವ ಬಗೆ ಉಳಿದಿರಲಿಲ್ಲ. ಒಬ್ಬರು ಇನ್ನೊಬ್ಬರ ಸ್ಮೃತಿಯಲ್ಲಿ ಎಷ್ಟರಮಟ್ಟಿಗೆ ಇರುತ್ತಾರೆ, ಎಷ್ಟರಮಟ್ಟಿಗೆ ಇರುವುದಿಲ್ಲ ಎಂಬುದಕ್ಕೆ ಇದೊಂದು ವಿವರವೇ ಸಾಕು. ಇಡಿಯ ಚಿತ್ರದಲ್ಲಿ ಇದಕ್ಕಿಂತ ಸೂಕ್ಷ್ಮವಾದುದು ಮತ್ತೊಂದಿಲ್ಲ.

ರಸಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ ಮೊದಲಿಗೆ ಹಾರಿ ಆಲಂಬನವಿಭಾವಮಾತ್ರ. ಶೋಕವೂ ಪಶ್ಚಾತ್ತಾಪವೂ ಕ್ರಿಸ್‌ನವು; ಅವಳು ಅವುಗಳ ವಿಷಯ. ಮರುಕವುಳ್ಳ ಪ್ರೇಕ್ಷಕನೂ ಆಗ ಮರುಗುವುದು ಕ್ರಿಸ್‌ಗಾಗಿಯೇ. ಬರಬರುತ್ತ ಆಶ್ರಯವು ಬದಲಾಗುತ್ತದೆ. ತಾನು ಆ ಹಾರಿಯಲ್ಲವೆಂದು ಅವಳಿಗೆ ಅರಿವಾಗುತ್ತದೆ. ಗ್ರಂಥಾಲಯದಲ್ಲಿ ಎಲ್ಲರೂ ಸೇರಿದ್ದಾಗ ಸಾರ್ಟೋರಿಯಸ್ ಎಂಬ ವಿಜ್ಞಾನಿಯು ಅವಳನ್ನು ಸತ್ತವಳ ಯಾಂತ್ರಿಕಪ್ರತಿಯೆಂದು ಹೀಗಳೆಯುತ್ತಾನೆ. ತಾನು ಮನುಷ್ಯಳಾಗುತ್ತಿದ್ದೇನೆಂದು ಅವಳು ಉತ್ತರ ಕೊಡುತ್ತಾಳೆ. ಆಗುತ್ತಿದ್ದೇನೆ ಎಂಬ ವರ್ತಮಾನಪ್ರಯೋಗವು ಗಮನಾರ್ಹವಾದುದು. ಮನುಷ್ಯತ್ವವು ಅಲ್ಲಿ ಜಾತಿಯಲ್ಲ, ಸಾಧ್ಯ. ದ್ರವರೂಪದ ಆಮ್ಲಜನಕವನ್ನು ಕುಡಿದು ಸಾಯಹೋಗುತ್ತಾಳೆ. ಸಾವೂ ಅವಳನ್ನು ಒಲ್ಲದು, ಮತ್ತೆ ಬದುಕುತ್ತಾಳೆ. ಕೊನೆಗೆ ಕ್ರಿಸ್‌ನ ಬಿಡುಗಡೆಗಾಗಿ, ಅವನು ತಿಳಿಯದಂತೆ, ತನ್ನನ್ನು ಇಲ್ಲವಾಗಿಸಿರೆಂದು ಆ ವಿಜ್ಞಾನಿಗಳನ್ನೇ ಬೇಡಿ, ಪತ್ರವೊಂದನ್ನು ಬಿಟ್ಟು ಹೋಗುತ್ತಾಳೆ. ಆ ಹೊತ್ತಿಗೆ ಭಾವಕ್ಕೆ ಆಶ್ರಯ ಅವಳು, ವಿಷಯ ಕ್ರಿಸ್. ಈ ಪರಿವರ್ತನೆಯೇ ಚಿತ್ರದ ಕಥೆ. ಅಜ್ಞಾತವಾದ ಚೇತನವನ್ನು ಅರಿಯುವ ಪ್ರಯತ್ನವೆಂಬ ತನ್ನ ವಸ್ತುವನ್ನು ಕೈಬಿಟ್ಟು ತಾರ್ಕೋವ್ಸ್ಕಿಯು ದಸ್ತಯೇವ್‌ಸ್ಕಿಯ ಪಾಪಪಶ್ಚಾತ್ತಾಪದ ಕಾದಂಬರಿಯನ್ನೇ ಚಿತ್ರಿಸಿದ್ದಾನೆಂದು ಲೆಮ್ ದೂರಿದನು. ಮೂಲದ ದೃಷ್ಟಿಯಿಂದ ದೂರು ನ್ಯಾಯವಾದುದೇ. ಆದರೆ ಕಾದಂಬರಿಯಲ್ಲಿ ಕುತೂಹಲಕ್ಕೆ ವಿಷಯವಾಗಿದ್ದುದು ಚಿತ್ರದಲ್ಲಿ ಕರುಣಕ್ಕೆ ವಿಷಯವಾಯಿತೆಂಬುದನ್ನು ನಷ್ಟದ ಲೆಕ್ಕಕ್ಕೆ ಸೇರಿಸಲಾಗದು.

ಈಗ ‘ಬ್ಲೇಡ್ ರನ್ನರ್’ ಚಿತ್ರದ ಅಂತ್ಯಕ್ಕೆ ಬರಬಹುದು. ಪ್ರತಿಮಾನವರ ಮುಖಂಡನಾದ ರಾಯ್ ಬ್ಯಾಟಿಯು ಆಯುಸ್ಸನ್ನು ಬೇಡಲು ತನ್ನ ನಿರ್ಮಾಪಕನ ಬಳಿಗೆ ಹೋಗಿ, ಅದು ಸಾಧ್ಯವಿಲ್ಲವೆಂದು ಕೇಳಿ, ಅವನ ಕಣ್ಣುಗಳನ್ನೇ ಹಿಸುಕಿ ಕೊಂದಿದ್ದಾನೆ. ಪಾಳುಬಿದ್ದ ಕಟ್ಟಡದ ಮೇಲೆ ಸುರಿಯುವ ಮಳೆಯಲ್ಲಿ ಡೆಕರ್ಡನನ್ನು ಬೆನ್ನಟ್ಟುತ್ತಾನೆ. ಡೆಕರ್ಡನು ಜಾರಿ ತೊಲೆಯೊಂದಕ್ಕೆ ಜೋತುಬೀಳುತ್ತಾನೆ, ಕೈ ಸೋಲುತ್ತದೆ, ಬಿದ್ದನೆನ್ನುವಷ್ಟರಲ್ಲಿ ರಾಯ್ ಅವನ ಮಣಿಕಟ್ಟನ್ನು ಹಿಡಿದು ಮೇಲಕ್ಕೆತ್ತುತ್ತಾನೆ. ಆಮೇಲೆ ಎದುರಿಗೆ ಕುಳಿತು, ತಾನು ಕಂಡುದೆಲ್ಲ ತನ್ನೊಡನೆ ಅಳಿಯುವುದೆಂದು ನಾಲ್ಕು ಮಾತು ಹೇಳಿ, ಮಳೆಯಲ್ಲಿ ಬೆರೆತ ಕಣ್ಣೀರಿಗೆ ಅದನ್ನು ಹೋಲಿಸಿ, ತಲೆಬಾಗಿ ಸಾಯುತ್ತಾನೆ. ಚಿತ್ರಕಥೆಯಲ್ಲಿದ್ದ ಭಾಷಣವನ್ನು ಪಾತ್ರಧಾರಿ ರುಟ್ಗರ್ ಹೌವರನು ತಾನೇ ಮೊಟಕುಮಾಡಿ ತಿದ್ದಿಕೊಂಡನು. ಸಾಯುವವನ ಬಾಯಲ್ಲಿ ದೀರ್ಘವಾಕ್ಯವು ಅನುಚಿತವೆಂಬುದನ್ನು ಕ್ಷೇಮೇಂದ್ರನನ್ನು ಓದದ ಈ ನಟನೂ ಬಲ್ಲವನಾಗಿದ್ದನು.

ಈ ಸನ್ನಿವೇಶದ ಸ್ವಾರಸ್ಯವು ಮಳೆಯಲ್ಲಿದೆ. ಆರಂಭದಿಂದಲೂ ಕಣ್ಣನ್ನು ದೊಡ್ಡದುಮಾಡಿ ತೋರಿಸಿ, ಅದರಲ್ಲಿ ಚಿಹ್ನೆಯನ್ನು ಹುಡುಕುವವರ ಕಥೆಯನ್ನು ಹೇಳಿದ ಚಿತ್ರವು, ಮುಖ್ಯವಾದ ಈ ಕ್ಷಣದಲ್ಲಿ ಚಿಹ್ನೆಯನ್ನೇ ತೆಗೆದುಬಿಟ್ಟಿದೆ. ರಾಯ್ ಅಳುತ್ತಿದ್ದಾನೆಯೇ? ಮುಖವೆಲ್ಲ ನೀರು, ಅಶ್ರು ಯಾವುದು, ಮಳೆ ಯಾವುದು ಎಂದು ಹೇಳಲಾಗದು. ಲಿಂಗವೇ ಇಲ್ಲದಮೇಲೆ ಅನುಮಾನಕ್ಕೆ ಎಡೆಯೆಲ್ಲಿ? ಆದರೂ ಡೆಕರ್ಡನಿಗಾಗಲಿ ಪ್ರೇಕ್ಷಕನಿಗಾಗಲಿ ಸಂಶಯವುಳಿಯುವುದಿಲ್ಲ. ಧ್ವನಿಯೆಂಬುದು ಬೇರೆಯಿಲ್ಲ, ಎಲ್ಲವೂ ಅನುಮಾನದಲ್ಲಿಯೇ ಅಡಗುವುದೆಂದು ಮಹಿಮಭಟ್ಟನು ವ್ಯಕ್ತಿವಿವೇಕದಲ್ಲಿ ಸಾಧಿಸಹೊರಟನು. ಆನಂದವರ್ಧನನ ಪಕ್ಷವಾದರೋ ವ್ಯಂಜನೆ ಸ್ವತಂತ್ರವ್ಯಾಪಾರವೆಂಬುದು. ವೊಯ್ಟ್-ಕಾಂಪ್ಫ್ ಯಂತ್ರವು ಮಹಿಮಭಟ್ಟನ ಪಕ್ಷದ್ದು. ಮಳೆಯ ಸನ್ನಿವೇಶವು ಧ್ವನಿಕಾರನ ಪಕ್ಷದ್ದು. ಆನಾಳ ಕಣ್ಣೀರನ್ನು ನೋಡಿ ತಪ್ಪು ತಿಳಿದ ಕೆಯನ್ನು ಇದರ ಪಕ್ಕದಲ್ಲಿಟ್ಟರೆ, ಒಂದೆಡೆ ಹೇತುವಿದ್ದೂ ಜ್ಞಾನವಿಲ್ಲ, ಇನ್ನೊಂದೆಡೆ ಹೇತುವಿಲ್ಲದೆಯೂ ಜ್ಞಾನವುಂಟು ಎಂಬುದು ಕಾಣುತ್ತದೆ.

ಇಲ್ಲೊಂದು ಪೂರ್ವಪಕ್ಷವು ಏಳುತ್ತದೆ. ತೊಗಲುಗೊಂಬೆಯಾಟದಲ್ಲಿ ಸೀತೆ ಅತ್ತರೆ ನೋಡುವವರೂ ಅಳುತ್ತಾರೆ. ಅಷ್ಟರಿಂದ ತೊಗಲಿಗೆ ಜೀವವುಂಟೆನ್ನಬಹುದೇ? ಪ್ರೇಕ್ಷಕನ ಮರುಕವೇ ಮಾನದಂಡವಾದರೆ ಮರುಕವನ್ನು ಹುಟ್ಟಿಸಬಲ್ಲ ಯಾವ ಯಂತ್ರವೂ ಮನುಷ್ಯನೆನಿಸೀತು. ಇದು ಬಲವಾದ ಆಕ್ಷೇಪ. ಮಾತನಾಡುವ ಯಂತ್ರಗಳೊಡನೆ ಸ್ನೇಹವನ್ನು ಬೆಳೆಸುವವರಿರುವ ಈ ಕಾಲದಲ್ಲಿ ಬರಿಯ ವಾದಕುತೂಹಲದ್ದೂ ಅಲ್ಲ. ಸೋಮದೇವನ ಕಥಾಸರಿತ್ಸಾಗರದಲ್ಲಿ ರಾಜ್ಯಧರನೆಂಬ ಬಡಗಿಯು ಒಂದು ಶೂನ್ಯನಗರವನ್ನು ಮರದ ಜನರಿಂದ ತುಂಬಿ, ಅವರ ನಡುವೆ ಒಬ್ಬನೇ ಬಾಳುತ್ತಾನೆ. ಆ ಜನ ಅವನ ಒಂಟಿತನಕ್ಕೆ ಸಾಧನವೇ ಹೊರತು ಅವನಿಗಾಗಿ ಮರುಗಿದವರಲ್ಲ. ಸಮಾಧಾನವಿರುವುದು ಆಶ್ರಯ, ಆಲಂಬನ ಎಂಬ ಭೇದದಲ್ಲಿಯೇ. ಗೊಂಬೆಯು ನೋಡುವವನ ಕರುಣೆಗೆ ವಿಷಯವಾಗಬಲ್ಲುದು. ತಾನೇ ಇನ್ನೊಬ್ಬನಲ್ಲಿ ಕರುಣೆಯಿಟ್ಟು, ಅದಕ್ಕಾಗಿ ತನಗೆ ಪ್ರಿಯವಾದುದನ್ನು ಬಿಡಲಾರದು. ರಾಯ್ ಸಾಯುತ್ತಿದ್ದಾನೆಂದು ಪ್ರೇಕ್ಷಕನು ಮರುಗುವುದು ಎರಡನೆಯ ಮಾತು; ತನ್ನನ್ನು ಕೊಲ್ಲಬಂದವನ ಕೈಯನ್ನು ಅವನು ಹಿಡಿದುದು ಮೊದಲನೆಯದು. ಹಾರಿ ಹಾಗೆಯೇ. ಕೆಯೂ ಹಾಗೆಯೇ: ಆ ಕುದುರೆ ತನ್ನದಲ್ಲವೆಂದು ತಿಳಿದಮೇಲೆ, ಅದು ಯಾರದೋ ಅವಳ ಬಳಿಗೆ ಅವಳ ತಂದೆಯಾದ ಡೆಕರ್ಡನನ್ನು ತಂದು ಬಿಟ್ಟು, ತಾನು ಹೊರಗಿನ ಮೆಟ್ಟಿಲುಗಳ ಮೇಲೆ ಹಿಮ ಬೀಳುತ್ತಿರಲು ಒರಗುತ್ತಾನೆ.

ಎರಡನೆಯ ಚಿತ್ರದಲ್ಲಿ ದೋಷಗಳೂ ಇಲ್ಲದಿಲ್ಲ. ನೂರ ಅರುವತ್ತಮೂರು ನಿಮಿಷಗಳ ಈ ಚಿತ್ರದಲ್ಲಿ ವ್ಯಂಗ್ಯವಾಗಿರಬೇಕಾದ ಎಷ್ಟೋ ವಿಷಯಗಳು ವಾಚ್ಯವಾಗಿವೆ. ನಿಯಾಂಡರ್ ವಾಲೆಸ್ ಎಂಬ ಕುರುಡ ನಿರ್ಮಾಪಕನ ಮಾತುಗಳೆಲ್ಲ ಉಪದೇಶದ ಧಾಟಿಯವು. ಹುಟ್ಟುವುದೇ ಆತ್ಮವುಂಟೆಂಬುದಕ್ಕೆ ಗುರುತೆಂಬ ಇನ್ನೊಂದು ಲಕ್ಷಣವನ್ನು ಕಥೆಯ ಪಾತ್ರಗಳು ನಂಬುತ್ತವೆ. ಚಿತ್ರವು ಅದನ್ನು ಕೆಯ ಅಂತ್ಯದಲ್ಲಿ ಮುರಿದರೂ, ಅದಕ್ಕೆ ಮುಂಚೆ ಬಹುದೂರ ಅದನ್ನೇ ಹಿಡಿದು ನಡೆಯುತ್ತದೆ. ಅದರಲ್ಲಿ ನಿಜವಾಗಿ ಕಾಡುವುದು ಜಾಯ್ ಎಂಬ ಛಾಯಾರೂಪದ ಸಂಗಾತಿ. ಅವಳು ಕೆಗೆ ಜೋ ಎಂದು ಪ್ರೀತಿಯ ಹೆಸರಿಡುತ್ತಾಳೆ, ಅವನಿಗಾಗಿ ತನ್ನ ನಾಶವನ್ನೂ ಒಪ್ಪುತ್ತಾಳೆ. ಅವಳು ಅಳಿದಮೇಲೆ, ಬೀದಿಯಲ್ಲಿ ಆಕಾಶದೆತ್ತರದ ಜಾಹೀರಾತಿನಲ್ಲಿ ಅದೇ ರೂಪವು ಅವನನ್ನು ಅದೇ ಹೆಸರಿನಿಂದ ಕರೆಯುತ್ತದೆ. ಆ ಒಲವು ಅವಳದಾಗಿತ್ತೋ, ಮಾರುವವನದಾಗಿತ್ತೋ? ಮೇಲೆ ಹೇಳಿದ ಭೇದವು ಇಲ್ಲಿ ಸಾಕಾಗುವುದಿಲ್ಲ; ತ್ಯಾಗವನ್ನೂ ನೆಡಬಹುದಾದರೆ ಏನು ಎಂಬ ಪ್ರಶ್ನೆಯನ್ನು ಚಿತ್ರವು ಎತ್ತಿ ಹಾಗೆಯೇ ಬಿಟ್ಟಿದೆ. ಬಿಟ್ಟುದೇ ಒಳ್ಳೆಯದಾಯಿತು.

ಮೊದಲ ಚಿತ್ರದ ಪಾಠಾಂತರಗಳನ್ನು ಕುರಿತು ಒಂದು ಮಾತು ಅಗತ್ಯ. ೧೯೮೨ರ ಪಾಠದಲ್ಲಿ ನಾಯಕನ ವ್ಯಾಖ್ಯಾನರೂಪವಾದ ಮಾತುಗಳೂ ಸುಖಾಂತವೂ ಇದ್ದುವು. ಆ ಸುಖಾಂತದ ಬೆಟ್ಟಕಾಡುಗಳ ನೋಟವು ಕೂಬ್ರಿಕನ ‘ದಿ ಶೈನಿಂಗ್’ ಚಿತ್ರಕ್ಕಾಗಿ ತೆಗೆದು ಉಳಿದಿದ್ದ ಸುರುಳಿಗಳಿಂದ ಬಂದುದು. ೧೯೯೨ರ ಪಾಠದಲ್ಲಿ ಇವೆರಡನ್ನೂ ತೆಗೆದು, ಡೆಕರ್ಡನು ಒಂಟಿಕೊಂಬಿನ ಕುದುರೆಯ ಕನಸನ್ನು ಕಾಣುವ ಸಂದರ್ಭವನ್ನು ಸೇರಿಸಿದರು. ೨೦೦೭ರ ಪಾಠವು ಇದನ್ನೇ ಸ್ಥಿರಪಡಿಸಿತು. ತೆಗೆದುದು ಸರಿ. ಸೇರಿಸಿದುದು ವಿವಾದಾಸ್ಪದ. ಕೊನೆಯಲ್ಲಿ ಡೆಕರ್ಡನ ಬಾಗಿಲ ಬಳಿ ಕಾಗದದಿಂದ ಮಡಿಸಿದ ಅಂಥದೇ ಕುದುರೆಯೊಂದು ಬಿದ್ದಿರುತ್ತದೆ. ಅವನ ಕನಸು ಇನ್ನೊಬ್ಬನಿಗೆ ತಿಳಿದಿದ್ದಮೇಲೆ ಅವನೂ ಪ್ರತಿಮಾನವನೇ ಎಂದು ಹಲವರು ಸಾಧಿಸುತ್ತಾರೆ. ಸ್ಕಾಟನು ಅದನ್ನು ಒಪ್ಪುತ್ತಾನೆ. ಆ ಪಾತ್ರವನ್ನು ವಹಿಸಿದ ಹ್ಯಾರಿಸನ್ ಫೋರ್ಡನು ಡೆಕರ್ಡನು ಮನುಷ್ಯನಾಗಿರಬೇಕೆಂದು ವಾದಿಸಿದನು. ಕೃತಿಯ ತಾತ್ಪರ್ಯವನ್ನು ನೋಡಿದರೆ ನಟನ ಪಕ್ಷವೇ ಪ್ರಬಲವಾದುದು. ಕಾಗದದ ಕುದುರೆಯಿಂದ ಡೆಕರ್ಡನ ಜಾತಿಯನ್ನು ಸಾಧಿಸುವುದೆಂದರೆ ಚಿತ್ರವೇ ತಳ್ಳಿಹಾಕಿದ ಅನುಮಾನಮಾರ್ಗವನ್ನು ಮತ್ತೆ ಹಿಡಿದಂತೆ. ಅಲ್ಲದೆ, ರಾಯ್ ಹಿಡಿದ ಕೈ ಸಜಾತೀಯನದಾದರೆ ಆ ಹಿಡಿತದ ಅರ್ಧ ಬೆಲೆ ಹೋಯಿತು. ವಿವಾದಿಗಳು ತಮ್ಮ ಪಕ್ಷಕ್ಕೆ ರೇಚಲಳ ಒಂದು ಪ್ರಶ್ನೆಯನ್ನೂ ಸಾಕ್ಷಿಗೆ ಕರೆಯುತ್ತಾರೆ. ಅನ್ಯರನ್ನು ಪರೀಕ್ಷಿಸುವ ನೀನು ಆ ಪರೀಕ್ಷೆಯನ್ನು ನಿನಗೇ ಎಂದಾದರೂ ಮಾಡಿಕೊಂಡೆಯಾ ಎಂದು ಅವಳು ಡೆಕರ್ಡನನ್ನು ಕೇಳುತ್ತಾಳೆ. ಅದು ಅವನ ಜಾತಿಯನ್ನು ಕುರಿತ ಸೂಚನೆಯೆಂದು ಅವರು ಹೇಳುವರು. ಹಾಗೆ ಅರ್ಥಮಾಡಿದರೆ, ಕೊಲ್ಲುವ ವೃತ್ತಿಯ ಯಾವನಿಗೂ ಹಾಕಬಹುದಾದ ಪ್ರಶ್ನೆಯು ಒಬ್ಬನ ಹುಟ್ಟಿನ ವಿಚಾರಣೆಗೆ ಇಳಿದುಹೋಗುತ್ತದೆ. ಅವಳು ಕೇಳುವಾಗ ಡೆಕರ್ಡನು ದಣಿದು ಮಲಗಿದ್ದಾನೆ. ಉತ್ತರವಿಲ್ಲದಿರಲು ಅವಳು ತಿರುಗಿ ನೋಡುತ್ತಾಳೆ. ಅವನಿಗೆ ನಿದ್ರೆ ಬಂದಿರುತ್ತದೆ.